ಈ ವರ್ಷದ ಅತ್ಯಮೂಲ್ಯ ಆಟಗಾರ

ಅಣ್ಣ,

ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಒಂದು ದಿನವೂ ತರಗತಿಗೆ ತಡವಾಗಿ ಹೋಗದೆ ನಿವೃತ್ತಳಾದ ನಿನ್ನ ತಂಗಿ ಬರೆಯುವುದು. ತೀರಿಕೊಂಡವರಿಗೆ ಪತ್ರವೇಕೆ ಎಂದು ಕೇಳಬೇಡ. ಇದನ್ನು ಬದುಕಿರುವವರಿಗೆ ಹೇಳುವ ಧೈರ್ಯ ನನಗಿಲ್ಲ.

ಬ್ಯಾಸ್ಕೆಟ್‌ಬಾಲ್ ಲೀಗಿನ ಈ ವರ್ಷದ ಅತ್ಯಮೂಲ್ಯ ಆಟಗಾರ ಯಾರಾಗಬೇಕೆಂದು ಇಂದು ಸಂಜೆ ವಾಚನಾಲಯದಲ್ಲಿ ನಮ್ಮ ಎಂದಿನ ಚರ್ಚೆ ನಡೆಯಿತು. ದರ್ಜಿ, ನಾವು ಗಿಡ್ಡ ಎಂದು ಕರೆಯುವ ಆಟಗಾರನ ಪರ ನಿಂತ. ನಾನು ನಿನ್ನ ಮೆಚ್ಚಿನ ಆಟಗಾರ ಕೊಕ್ಕರೆಯ ಪರ ಎದ್ದುನಿಂತು, ಪಂದ್ಯಕ್ಕೆ ಇಪ್ಪತ್ತೇಳು ಅಂಕವೆಂದು ಲೆಕ್ಕಸಮೇತ ವಾದಿಸಿದೆ.

"ಟೀಚರ್, ಕೊಕ್ಕರೆ ಆಟ ಬಿಟ್ಟು ಆರು ವರ್ಷ ಆಯ್ತಲ್ಲ," ಎಂದ ದರ್ಜಿ, ಮೆಲ್ಲಗೆ.

ಸದಾ ನನ್ನ ಕಾಲೆಳೆಯುವ ಅಂಚೆಯವನು, "ಇರ್ಲಿ ಬಿಡಪ್ಪ, ಟೀಚರ್‌ಗೆ ಸ್ವಲ್ಪ ನೀರು ಕೊಡು," ಎಂದ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮನೆಗೆ ಬಂದರೆ ಮೇಜಿನ ಮೇಲೆ ಈ ವರ್ಷದ ಆಟಗಾರರ ಪಟ್ಟಿ ಇತ್ತು. ಅಕ್ಷರ ನನ್ನದೇ, ದಿನಾಂಕ ನಿನ್ನೆಯದು, ಮೊದಲ ಹೆಸರು ಗಿಡ್ಡನದು. ಬರೆದ ನೆನಪೇ ಇಲ್ಲ.

ನಿನಗೂ ಮರೆವು ಹೀಗೆಯೇ ಆರಂಭವಾಗಿತ್ತು. ಆಗ ನೀನೂ ಹೆದರಿದ್ದೆಯಾ? ನಾನು ಕೇಳಲೇ ಇಲ್ಲ.

ಲಗತ್ತುಗಳು:

೧. ನಿನ್ನೆಯ ಪಟ್ಟಿ.

೨. ನರರೋಗ ತಜ್ಞರೊಬ್ಬರ ವಿಳಾಸ. ಹೊರಡುವಾಗ ಅಂಚೆಯವನು ಕೈಗಿತ್ತದ್ದು.

೩. ಒಂದು ವರ್ಷ ಪ್ರಶಸ್ತಿ ಗೆದ್ದವನ ಹೆಸರು ನಿನಗೆ ನೆನಪಾಗದಿದ್ದಾಗ, ಇಪ್ಪತ್ತು ಸಲ ಬರೆಯೆಂದು ನಾನು ನಿನ್ನ ಮುಂದಿಟ್ಟ ಹಾಳೆ. ನೀನು ಹದಿನೆಂಟು ಸಲ ಬರೆದಿದ್ದೀಯೆ. 'ಎರಡು ಕಡಿಮೆ' ಎಂಬ ಕೆಂಪು ಶಾಯಿಯ ಷರಾ ನನ್ನದು.