ನಾನು ಹೊರಗೆ ಕೂತ ಸಭೆ

ಆಗಸ್ಟ್ ೧೪, ಗುರುವಾರ. ಸೊಂಗ್‌ಖ್ಲಾ.

ಸಿಟ್ಟು ಈಗಲೂ ಬರುತ್ತಿಲ್ಲ. ನಾನು ಸಲಹೆ ಕೊಡುವ ಕಂಪನಿಯ ಮೇವು ತಿಂದರೆ ಸೀಗಡಿ ಸಾಯುತ್ತವೆ ಎನ್ನುತ್ತದೆ ನನ್ನದೇ ವಿದ್ಯಾರ್ಥಿನಿ ಕನಿತ್ತಾಳ ಪ್ರಬಂಧ. ಅದನ್ನು ಪ್ರಕಟಣೆಗೆ ಬಿಡಬೇಕೋ ಬೇಡವೋ ಎಂದು ಇವತ್ತು ಸಮಿತಿ ಕೂತಿತು. ನಿಯಮದಂತೆ ನಾನು ಎದ್ದು ಹೊರಗೆ ಹೋದೆ. ಒಳಗಿದ್ದವರೆಲ್ಲ ನನ್ನ ಹಳೆಯ ಶಿಷ್ಯರು; ಈಗಲೂ ಥಾಯ್ ರೂಢಿಯಂತೆ ನನ್ನನ್ನು 'ಆಚಾನ್', ಅಂದರೆ ಗುರುಗಳೇ, ಎನ್ನುವವರು.

ಅಧ್ಯಕ್ಷ ತೀರವತ್ ಕೈಮುಗಿದುಕೊಂಡೇ ಹೊರಬಂದ.

"ಆಚಾನ್, ನಿಮ್ಮ ಮನಸ್ಸಿಗೆ ನೋವಾಗೋ ಹಾಗೆ ಮಾಡ್ತೀವಾ? ಪ್ರಬಂಧ ತಡೆದ್ವಿ."

"ನಾನು ಕೇಳಿದ್ನೇನೋ?"

"ನೀವು ಬಾಯಿಬಿಟ್ಟು ಕೇಳೋವರೆಗೂ ಕಾಯೋಕಾಗುತ್ತಾ, ಆಚಾನ್?"

ತಡೆಯಬೇಡಿ ಎನ್ನಬಹುದಿತ್ತು. ಚೀಲ ಎತ್ತಿಕೊಂಡೆ.

ಮೆಟ್ಟಿಲ ಬಳಿ ಕನಿತ್ತಾ ಕಾದಿದ್ದಳು. ಎಂದಿನಷ್ಟೇ ಬಾಗಿ ಕೈಮುಗಿದಳು.

"ನನ್ನಿಂದ ನಿಮಗೆ ತೊಂದರೆ ಆಯ್ತು. ಕ್ಷಮಿಸಿ, ಆಚಾನ್."

"ಇರಲಿ ಬಿಡಮ್ಮ," ಎಂದೆ.

ಕ್ಷಮಿಸಿದವನಂತೆ ಎಂದುಬಿಟ್ಟೆ.