ನೀನಿಲ್ಲದ ಹನ್ನೊಂದು ಶುಕ್ರವಾರಗಳು

ಮನೆಯಿಂದ
ಹದಿನಾಲ್ಕನೇ ತಾರೀಖು, ಗುರುವಾರ ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ? ಅಕ್ಕನ ಮನೆಯ ಲಿಫ್ಟ್ ಕೆಟ್ಟು ಎಂಟು ದಿನವಾಯಿತು ಅಂತ ಭಾವ ಹೇಳಿದರು. ಮಗುವನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿ ಇಳಿಯಬೇಡ. ಮಗು ಅಳುವಾಗ ಥೇಟ್ ಅಪ್ಪನ ಹಾಗೆ ಹುಬ್ಬು ಗಂಟಿಕ್ಕುತ್ತದಂತೆ, ಪಾಪ, ಈಗಲೇ ವಿಮರ್ಶೆ ಶುರು ಮಾಡಿದೆ ಅಂದುಕೊಂಡೆ. ಕೆಲಸದ ಮೇಲೆ ಬಂದಿದ್ದ ಭಾವ ನಾಳೆ ಬೆಳಿಗ್ಗೆ ಅಲ್ಲಿಗೆ ವಾಪಸ್ ಹೊರಡುತ್ತಾರೆ. ಈ ಕಾಗದ ಅವರ ಕೈಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಫೋನ್ ಹಿಡಿದರೆ ಅಕ್ಕ ಪಕ್ಕದಲ್ಲೇ ಇರುತ್ತಾಳೆ. ಬಾಣಂತಿಗೆ ಈ ತಲೆಬಿಸಿ ಬೇಡ. ಒಬ್ಬಳೇ ಇದ್ದಾಗ ಓದು.

ಅಪ್ಪ ಚೆನ್ನಾಗಿದ್ದಾರೆ ಅಂತ ಬರೆಯಲು ಹೊರಟು ಪೆನ್ನು ಕೆಳಗಿಟ್ಟೆ. ಜ್ವರ, ಕೆಮ್ಮು ಏನಿಲ್ಲ. ಆದರೆ ಸೋಮವಾರದಿಂದ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಾರೆ. ಕಾರಣ ಅವರು ಹೇಳಲಿಲ್ಲ. ಒಗೆಯಲು ಹಾಕಿದ್ದ ಅಂಗಿಯ ಜೇಬಿನಲ್ಲಿ ಪತ್ರಿಕೆಯ ಸಂಪಾದಕರ ಟಿಪ್ಪಣಿ ಸಿಕ್ಕಿತು. ಅಪ್ಪನ ಸಿನಿಮಾ ವಿಮರ್ಶೆಯ ಅಂಕಣದ ಬಗ್ಗೆ ಹನ್ನೊಂದು ವಾರದಲ್ಲಿ ನಲವತ್ತಮೂರು ಆಕ್ಷೇಪದ ಪತ್ರ ಬಂದಿವೆಯಂತೆ. ಬರುವ ಸೋಮವಾರ ಹತ್ತು ಗಂಟೆಗೆ ಬಂದು ವಿವರಣೆ ಕೊಡಬೇಕು, ಇಲ್ಲವಾದರೆ ಅಂಕಣ ನಿಲ್ಲುತ್ತದೆ ಎಂದಿದ್ದಾರೆ. ಇಪ್ಪತ್ತೆರಡು ವರ್ಷದ ಅಂಕಣ ಅಮ್ಮಾ.

ನೀನು ಹೋದ ಮೇಲೆ, ಬುಧವಾರ ಕಚೇರಿಯಿಂದ ಬರುವ ಪತ್ರದ ಕಟ್ಟು ಬಿಚ್ಚುವ ಕೆಲಸ ನನ್ನದು. ಮೊದಮೊದಲು ಓದುಗರ ಕೊಂಕು ಮಾತಿಗೆ ನಗುತ್ತಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದರು: ಹಿನ್ನೆಲೆ ಸಂಗೀತದಲ್ಲಿ ಸಂಯಮವಿದೆ ಅಂತ ನೀವು ಹೊಗಳಿದಿರಿ, ಎರಡೂವರೆ ಗಂಟೆ ಪಿಟೀಲು ನಮ್ಮ ಕಿವಿ ಕೊಯ್ದಿತು, ನೀವು ಯಾವ ಥಿಯೇಟರಿನಲ್ಲಿ ನೋಡಿದಿರಿ ತಿಳಿಸಿದರೆ ನಾವೂ ಅಲ್ಲಿಗೇ ಹೋಗುತ್ತೇವೆ. ಟೈಲರ್ ಒಬ್ಬ ನೇರವಾಗಿ ಕೇಳಿದ್ದ: ಬೇರೆ ಭಾಷೆಯ ಸಿನಿಮಾ ಬಗ್ಗೆ ಬರೆದಾಗ ಒಂದು ಹೊಲಿಗೆಯೂ ತಪ್ಪುವುದಿಲ್ಲ, ನಮ್ಮ ಭಾಷೆಯದ್ದಕ್ಕೆ ಮಾತ್ರ ಹೀಗೇಕೆ, ನಿರ್ಮಾಪಕರ ಮನೆಯಲ್ಲೇ ಕೂತು ಬರೆಯುತ್ತೀರಾ? ಆಮೇಲೆ ಬಂದ ಪತ್ರಗಳೆಲ್ಲ ಅದೇ ರಾಗ. ಅಪ್ಪ ಮಾರಿಕೊಂಡಿದ್ದಾರೆ ಅಂತ.

ಕಳೆದ ವಾರ ಒಬ್ಬ ನರ್ಸ್ ಬರೆದ ಪತ್ರ ಓದಿ ನನ್ನ ನಗು ನಿಂತಿತು. ಒಂದು ಸಿನಿಮಾದ ಕೊನೆಯಲ್ಲಿ ಮಗಳು ಕಿಟಕಿಯ ಕಡೆ ತಿರುಗಿ, ಒಂದೂ ಮಾತಿಲ್ಲದೆ ತಂದೆಯನ್ನು ಕ್ಷಮಿಸುತ್ತಾಳೆ, ಆ ಮೌನವೇ ಚಿತ್ರದ ಜೀವ ಎಂದು ಅಪ್ಪ ಬರೆದಿದ್ದರು. ಅದನ್ನು ನಂಬಿ ಆಕೆ ಆರು ವರ್ಷದಿಂದ ಮಾತು ಬಿಟ್ಟಿದ್ದ ತನ್ನ ತಂದೆಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋದಳಂತೆ. ಕಿಟಕಿಯ ಕಡೆ ತಿರುಗಿದ ಆ ಮಗಳು ಸ್ಪಷ್ಟವಾಗಿ, "ನಾನು ನಿನ್ನನ್ನ ಕ್ಷಮಿಸಲ್ಲ, ಹೋಗು" ಅನ್ನುತ್ತಾಳಂತೆ. ನರ್ಸಿನ ತಂದೆ ದೀಪ ಹತ್ತುವ ಮೊದಲೇ ಎದ್ದು ಹೊರಟುಹೋದರಂತೆ. ಆ ಪತ್ರಕ್ಕೆ ಅಪ್ಪ ಉತ್ತರ ಬರೆದಿಲ್ಲ. ಯಾರ ಪತ್ರಕ್ಕೂ ಉತ್ತರ ಬರೆಯದೆ ಇದ್ದವರಲ್ಲ.

ನಾನು ಲ್ಯಾಬಿನಲ್ಲಿ ನೀರಿನ ಸ್ಯಾಂಪಲ್ ಜೋಡಿಸುವವಳು, ಬೇರೆ ದಾರಿ ತಿಳಿಯದೆ ಪತ್ರಗಳನ್ನೂ ಹಾಗೇ ಜೋಡಿಸಿದೆ. ಒಟ್ಟು ಹತ್ತೊಂಬತ್ತು ವಿಮರ್ಶೆ. ಆರು ಸಿನಿಮಾ ಬೇರೆ ಭಾಷೆಯವು, ಸಬ್‌ಟೈಟಲ್ ಇದ್ದವು, ಅವುಗಳ ಮೇಲೆ ಒಂದು ಆಕ್ಷೇಪವೂ ಇಲ್ಲ. ಉಳಿದ ಹದಿಮೂರರಲ್ಲಿ ಒಂಬತ್ತರ ಮೇಲೆ ದೂರು. ತಪ್ಪಾಗಿರುವುದು ಮಾತಿನಲ್ಲಿ, ಸಂಗೀತದಲ್ಲಿ, ಪಾತ್ರ ಬೆನ್ನು ತಿರುಗಿಸಿ ಮಾತಾಡಿದ ಕಡೆಯಲ್ಲಿ. ಮುಖ ಕಾಣುವ ದೃಶ್ಯಗಳಲ್ಲಿ ಎಲ್ಲವೂ ಸರಿ. ಮೊದಲ ದೂರು ನೀನು ಅಕ್ಕನ ಮನೆಗೆ ಹೋದ ಮುಂದಿನ ಶುಕ್ರವಾರದ ಸಿನಿಮಾದ್ದು.

ಮಂಗಳವಾರ ಮೇಜಿನ ಮೇಲೆ ಅಪ್ಪ ಬರೆದಿಟ್ಟ ರಾಜೀನಾಮೆ ಕಂಡಿತು. ಅವರು ಪೇಪರ್ ಓದುತ್ತಿದ್ದಾಗ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ಎದುರಿಗೆ ಹೇಳಲು ಧೈರ್ಯ ಬಾರದ ಮಾತನ್ನೇ ಹೇಳಿದೆ. "ಅಪ್ಪಾ, ನೀವು ರಾಜೀನಾಮೆ ಕೊಡಬೇಡಿ." ಅಪ್ಪ ಪುಟ ತಿರುಗಿಸಿದರು.

ನಿನಗೆ ಗೊತ್ತಿತ್ತು, ಅಲ್ಲವಾ? ಪ್ರತಿ ಶುಕ್ರವಾರ ಸಿನಿಮಾ ಮುಗಿಸಿ ಎದುರಿನ ಬೇಕರಿಯಲ್ಲಿ ಕೂತು ನೀನು ಅವರ ಜೊತೆ ಜಗಳಕ್ಕೆ ಬೀಳುತ್ತಿದ್ದೆ. ಅವಳು ಹೀಗಂದಳಲ್ಲ ಸರಿಯಾ, ಇವನು ಹಾಗಂದದ್ದು ಯಾಕೆ ಅಂತ ಮಾತು ಮಾತೂ ಒಪ್ಪಿಸುತ್ತಿದ್ದೆ. ಅಮ್ಮನ ಜೊತೆ ಹೋದರೆ ಒಂದು ಟಿಕೆಟ್ಟಿಗೆ ಎರಡು ಸಿನಿಮಾ ಅಂತ ಅಕ್ಕ ಆಡಿಕೊಳ್ಳುತ್ತಿದ್ದಳು. ನಾನೂ ನಕ್ಕಿದ್ದೆ. ಎಷ್ಟು ವರ್ಷದಿಂದ ಹೀಗೆ ನಡೆಯುತ್ತಿತ್ತು ಅಮ್ಮಾ? ನಿನ್ನ ಮೇಲೆ ಕೋಪವಿಲ್ಲ. ಸ್ವಲ್ಪ ಇದೆ. ಒಬ್ಬ ಡಾಕ್ಟರಿಗಾದರೂ ತೋರಿಸಬಹುದಿತ್ತು.

ನನ್ನ ಭಯ ಇಷ್ಟೇ. ಆ ರಾಜೀನಾಮೆ ಇನ್ನೂ ಮೇಜಿನ ಮೇಲೇ ಇದೆ. ಓದುಗರ ವಿಶ್ವಾಸ ಕಳೆದುಕೊಂಡಿದ್ದೇನೆ, ವಿವರಣೆ ಕೊಡುವುದಿಲ್ಲ ಅಂತ ಎರಡು ಸಾಲು. ಹಾಗೆ ಕೊಟ್ಟರೆ ಟೈಲರ್ ಹೇಳಿದ್ದೇ ನಿಜವಾಗಿ ಉಳಿಯುತ್ತದೆ. ಕಿವಿ ಕೇಳಿಸುವುದಿಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಮಾರಿಕೊಂಡವನು ಅನ್ನಿಸಿಕೊಳ್ಳುವುದೇ ವಾಸಿ ಅಂತ ಅವರು ತೀರ್ಮಾನಿಸಿದ ಹಾಗಿದೆ. ನಾನು ಸಂಪಾದಕರ ಹತ್ತಿರ ಹೋಗಿ ನಿಜ ಹೇಳಿಬಿಡಲೇ? ಹೇಳಿದರೆ ಅಪ್ಪ ನನ್ನ ಮುಖ ನೋಡುತ್ತಾರಾ? ನಿನ್ನನ್ನು ಕೇಳದೆ ಹೆಜ್ಜೆ ಇಡಲು ಧೈರ್ಯವಿಲ್ಲ. ಇವತ್ತು ಮಲಗುವ ಮುಂಚೆ ಆ ಒಂಬತ್ತು ಸಿನಿಮಾದ ಪಟ್ಟಿಯನ್ನು ರಾಜೀನಾಮೆಯ ಪಕ್ಕದಲ್ಲಿ ಇಡಬೇಕು ಅಂದುಕೊಂಡಿದ್ದೇನೆ.

ಅಕ್ಕನಿಗೆ ನನ್ನ ಪ್ರೀತಿ, ಮಗುವಿನ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು.

ನಿನ್ನ ಕಿರಿಯವಳು

ಮರೆಯುವ ಮುಂಚೆ: ಶುಕ್ರವಾರ, ಬೆಳಿಗ್ಗೆ ಆರೂಕಾಲು. ಭಾವ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಪಟ್ಟಿ ಇಟ್ಟಿದ್ದೆ. ಈಗ ನೋಡಿದರೆ ಅಪ್ಪ ಅದನ್ನು ಕೆಂಪು ಪೆನ್ನಿನಿಂದ ತಿದ್ದಿದ್ದಾರೆ. ಓದುಗರ ಕಣ್ಣಿಗೆ ಬೀಳದ ಇನ್ನೆರಡು ಸಿನಿಮಾ ಸೇರಿಸಿ ಹನ್ನೊಂದು ಮಾಡಿದ್ದಾರೆ. ರಾಜೀನಾಮೆ ಮೇಜಿನ ಮೇಲಿಲ್ಲ. ನೀನು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬಂದುಬಿಡು, ಒಂದು ವಾರ ರಜೆ ಹಾಕಿ ಅಕ್ಕನ ಹತ್ತಿರ ನಾನು ಇರುತ್ತೇನೆ. ಪಟ್ಟಿಯ ಕೆಳಗೆ ಅವರು ಬರೆದದ್ದನ್ನು ಹಾಗೇ ಇಳಿಸುತ್ತಿದ್ದೇನೆ: "ಸಂಪಾದಕರಿಗೆ ನಾನೇ ಹೇಳುತ್ತೇನೆ. ಅಮ್ಮನನ್ನು ಬರಹೇಳು. ಅದಕ್ಕೆ ಸಂಪಾದಕರು ಏನಂದರು ಅಂತ ನನಗೆ ತಿಳಿಯಬೇಕಲ್ಲ."