ಹೊಂಗೆ ಮರ ಬಂದಾಗ ನಿಂತುಬಿಡಿ

ಮಂಜುಶಕ ಇನ್ನೂರ ಹನ್ನೊಂದು, ಹದಿಮೂರನೆಯ ತಿಂಗಳು
ತೂಗುಬಂಡೆ ನೆತ್ತಿ

ಪೂಜ್ಯ ಓಬಕ್ಕಜ್ಜಿಯವರಿಗೆ, ನಿಮ್ಮ ಮನೆತನದ ಸೂರಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಾನು ಹೈಸ್ಕೂಲಿನ ತನಕ ಓದಿದವಳು. ನಿಮ್ಮ ಕಾಲದ ಕನ್ನಡ ಬರೆದು ಅಭ್ಯಾಸವಿಲ್ಲ. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಪರೂಪ, ನನ್ನ ಸೊಸೆಯಂದಿರನ್ನು ಕೇಳಿದರೆ ಹೇಳುತ್ತಾರೆ. ನಿಮಗೀಗ ನನ್ನ ಅರ್ಧ ವಯಸ್ಸೂ ಇರಲಾರದು. ಆದರೂ ಅಜ್ಜಿ ಅಜ್ಜಿಯೇ.

ನೀವು ಮೇಕೆ ಕಾಯುವ ಬಯಲಿನ ಮೇಲೆ ಈಗ ನೀರು ನಿಂತಿದೆ, ಸವುಳು ನೀರು. ಗುಡ್ಡಗಳ ತಲೆಗಳಷ್ಟೇ ಹೊರಗಿವೆ; ಅವನ್ನು ನೆತ್ತಿಗಳು ಎನ್ನುತ್ತೇವೆ, ಒಂದೊಂದು ನೆತ್ತಿಗೆ ಒಂದೊಂದು ಊರು. ಬೆಳಗಾಗುವಾಗ ಏಳುವ ಮಂಜನ್ನು ಬಂಡೆಯಿಂದ ಬಂಡೆಗೆ ಕಟ್ಟಿದ ಮಂಜುಬಲೆಗಳಲ್ಲಿ ಹಿಡಿದು ಕುಡಿಯುತ್ತೇವೆ. ಬಲೆ ತೊಟ್ಟಿಕ್ಕುವ ಸದ್ದಿಗೆ ಮೇಕೆಗಳು ತಾವೇ ಇಳಿದು ಬಂದು ಸಾಲಾಗಿ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಹಾಲು ಯಾವುದು, ಮಂಜು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕೈಗೆ ಬೆಚ್ಚಗಾದರೆ ಹಾಲು. ನೀವು ಮೇಕೆ ಹಾಲಿನ ಚೀಸ್ ಎನ್ನುವುದು ನಮ್ಮ ಬಾಯಲ್ಲಿ ಬೂದಿಗಟ್ಟಿ. ಹಾಲಿಗೆ ಹೆಪ್ಪು ಕೊಟ್ಟು, ಬಟ್ಟೆಯಲ್ಲಿ ಇಳಿಬಿಟ್ಟು, ಉಪ್ಪು ಸವರಿ, ಜಾಲಿ ಸೌದೆಯ ಬೂದಿಯಲ್ಲಿ ಹೊರಳಿಸಿ, ಬಂಡೆಯ ಸಂದಿನಲ್ಲಿ ಮಾಗಲು ಇಡುತ್ತೇವೆ. ನೀವು ಮೊದಲ ಗಟ್ಟಿ ಇಟ್ಟ ಸಂದು ಅದೇ. ಅಲ್ಲಿ ಕಾಲವೂ ಹೆಪ್ಪುಗಟ್ಟುತ್ತದೆ ಎಂದು ನನ್ನ ಮೊಮ್ಮಗಳು ಹೇಳುತ್ತಾಳೆ. ಒಮ್ಮೆ ಗಟ್ಟಿಗಳ ನಡುವೆ ನಿಮ್ಮ ಕಾಲದ ಹಸಿ ಬೇವಿನೆಲೆ ಸಿಕ್ಕಿತು, ನಮ್ಮಲ್ಲಿ ಬೇವಿಲ್ಲ. ಈ ಪತ್ರವನ್ನು ಅಲ್ಲಿಯೇ ಇಡುತ್ತೇನೆ.

ನಮ್ಮ ರುಚಿ ಯಾವ ನೆತ್ತಿಯಲ್ಲೂ ಇಲ್ಲ. ಅದರ ಜೀವ ನಿಮ್ಮ ಹೆಪ್ಪಿನಲ್ಲಿದೆ. ಗಟ್ಟಿಯಿಂದ ಇಳಿದ ನೀರಿನಲ್ಲಿ ನೀವು ಬಟ್ಟೆ ಅದ್ದಿ ಬೇಲಿಯ ಮೇಲೆ ನೆರಳಲ್ಲಿ ಒಣಗಿಸುತ್ತೀರಲ್ಲ, ಅದೇ ಹೆಪ್ಪುಬಟ್ಟೆ ತಲೆಮಾರಿನಿಂದ ತಲೆಮಾರಿಗೆ, ಹಳೆಯದರಿಂದ ಹೊಸದಕ್ಕೆ ಹಿಡಿಸಿಕೊಂಡು ನನ್ನ ಅತ್ತೆಯವರೆಗೆ ಬಂತು. ಹೊರಗಿನವರಿಗೆ ನಾವು ಹೆಪ್ಪು ಕೊಟ್ಟವರಲ್ಲ. ಬೇರೆಯವರು ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ. ನಾವು ಹಗಲಿನಲ್ಲೂ ಕೊಡುವುದಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡರು. ಸೂತಕ ಕಳೆಯುವ ದಿನ ಮಡಕೆಗಳನ್ನೆಲ್ಲ ಒಡೆದು ಬಟ್ಟೆಗಳನ್ನೆಲ್ಲ ಕುದಿಸುವುದು ನಮ್ಮ ಪದ್ಧತಿ. ಬೀಗರ ಹೆಂಗಸರು ಬಂದು ಎಲ್ಲವನ್ನೂ ಬಹಳ ಶ್ರದ್ಧೆಯಿಂದ ಮಾಡಿದರು. ಅತ್ತೆಯ ಮಂಚದ ತಲೆದೆಸೆಯಲ್ಲಿ ಮಡಿಸಿಟ್ಟಿದ್ದ ಹೆಪ್ಪುಬಟ್ಟೆಯನ್ನೂ ಕುದಿಸಿ, ಹಿಂಡಿ, ಹರವಿದರು. ನಾನು ನೋಡುವಷ್ಟರಲ್ಲಿ ಅದು ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ಶುಭ್ರವಾದ ಹೆಣವನ್ನು ನಾನು ಕಂಡಿರಲಿಲ್ಲ.

ಆಮೇಲೆ ಹುಣಸೆ ಹುಳಿ ಹಾಕಿ ನೋಡಿದೆವು. ಹಾಲು ಒಡೆಯುತ್ತಿತ್ತು, ಗಟ್ಟಿಯೂ ಆಗುತ್ತಿತ್ತು. ಬಾಯಿಗಿಟ್ಟರೆ ಏನೂ ಇಲ್ಲ. ಕೇಳೋಣವೆಂದರೆ ನಮ್ಮ ಹೆಪ್ಪು ಇನ್ನೊಂದು ಮನೆಯಲ್ಲಿ ಇದ್ದರೆ ತಾನೇ? ಮಾಗಿದ ಕೊನೆಯ ಗಟ್ಟಿಯನ್ನೂ ತಿಂದು ಮುಗಿಸಿದ್ದೆವು.

ಹೀಗಿರುವಾಗ ಒಂದು ಬೆಳಿಗ್ಗೆ ಮಂಜಿನೊಳಗಿಂದ ಒಂದು ದೋಣಿ ಬಂತು. ಅದರಲ್ಲಿ ಆಚೆ ನೆತ್ತಿಯ ಬೋರಕ್ಕ, ಮಡಿಲಲ್ಲಿ ಒಂದು ಗಂಟು. ಅವಳು ನಿಮ್ಮ ಪಕ್ಕದ ಮನೆ ಪಾಪಮ್ಮನ ವಂಶದವಳು.

"ನಿಮ್ ಹೆಪ್ಪು ಸತ್ತೋಯ್ತಂತೆ. ತಗಾ, ಇದು ನಿಮ್ದೇಯ. ನಮ್ ಪಾಪಮ್ಮಜ್ಜಿ ನಿಮ್ ಬೇಲಿ ಮೇಲಿಂದ ಕದ್ದಿದ್ದು."

ಕದ್ದ ಮಾಲು ತಂದುಕೊಡಲು ಇಷ್ಟು ತಲೆಮಾರು ಬೇಕಾಯಿತೇ ಎಂದು ಕೇಳಿದೆ.

"ಬೈಯೋದಾದ್ರೆ ಕುಂತ್ಕಂಡು ಬೈಯವ್ವ, ನಿಂಗೂ ವಯಸ್ಸಾತು," ಎಂದು ನಕ್ಕು, ಅವಳೇ ಮೊದಲು ಕುಳಿತಳು. "ನಮ್ಮಜ್ಜಿ ಸಿಕ್ಕೇ ಬಿಡ್ತಿದ್ಲಂತೆ. ಕಾಲಿಗೆ ಮುಳ್ಳು ಬೇರೆ. ನಿಮ್ ಓಬಕ್ಕಜ್ಜಿ ಕೋಲು ಹಿಡ್ಕಂಡು ಓಡಿ ಬಂದೋಳು, ಹೊಂಗೆ ಮರದ ತಾವ ಸುಮ್ಕೆ ನಿಂತ್ಬಿಟ್ಲಂತೆ. ಯಾಕೆ ನಿಂತ್ಲೋ ಯಾರಿಗ್ಗೊತ್ತು?"

ಗಂಟಿನಲ್ಲಿ ಹೆಪ್ಪುಬಟ್ಟೆ, ಜೊತೆಗೆ ಅದರ ಹೆಪ್ಪಿನಿಂದ ಮಾಡಿದ ಒಂದು ಗಟ್ಟಿ. ನಾನು ಗಟ್ಟಿಯ ಒಂದು ಚೂರು ಬಾಯಿಗಿಟ್ಟೆ. ನಮ್ಮ ಅತ್ತೆಯ ಕೈರುಚಿ, ಅವರ ಅತ್ತೆಯ ಕೈರುಚಿ, ಎಲ್ಲ ನಾಲಿಗೆಗೆ ಬಂದವು. ನಾನು ಬೈಯಲಿಲ್ಲ. ಊಟಕ್ಕೆ ಎಲೆ ಹಾಕಿಸಿದೆ. ಹೋಗುವಾಗ ಬೋರಕ್ಕ ನೀರಿನೊಳಗೆ ಕೈ ತೋರಿಸಿದಳು. ತಿಳಿಯಾದ ಆಳದಲ್ಲಿ ಆ ಹೊಂಗೆ ಮರದ ಬೊಡ್ಡೆ ನಿಂತಿತ್ತು, ಅದರ ಸುತ್ತ ಮೀನುಗಳು ಮೇಕೆಮರಿಗಳಂತೆ ಮೇಯುತ್ತಿದ್ದವು.

ನೀವು ಏಕೆ ನಿಂತಿರಿ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನಮ್ಮ ಮನೆಯ ಹೆಣ್ಣು ತಾನಾಗಿ ನಿಲ್ಲುವವಳಲ್ಲ. ಯಾರೋ ಮೊದಲೇ ಹೇಳಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ, ಒಂದು ದಿನ ಪಾಪಮ್ಮ ನಿಮ್ಮ ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡುತ್ತಾಳೆ. ಕೋಲು ಹಿಡಿದು ನೀವೂ ಓಡಿ. ಓಡದಿದ್ದರೆ ನೀವು ನಮ್ಮವರೇ ಅಲ್ಲ. ಬಾಯಿಗೆ ಬಂದಂತೆ ಬೈಯಿರಿ. ಆ ಬೈಗುಳಗಳನ್ನು ಬೋರಕ್ಕನ ಮನೆಯಲ್ಲಿ ಇಂದಿಗೂ ಜೋಗುಳವಾಗಿ ಹಾಡುತ್ತಾರೆ. ಆದರೆ ಹೊಂಗೆ ಮರ ಬಂದಾಗ ನಿಂತುಬಿಡಿ. ಅವಳು ಕುಂಟುತ್ತಿರುತ್ತಾಳೆ, ಕೈಚಾಚಿದರೆ ಸಿಗುತ್ತಾಳೆ. ಚಾಚಬೇಡಿ.

ಅವಳು ಒಮ್ಮೆ ಹಿಂತಿರುಗಿ ನೋಡುತ್ತಾಳೆ. ಆಗ ಕೋಲು ಕೆಳಗಿಳಿಸಿ.

ನಿಮ್ಮ ಮನೆಯ,
ಸೂರಮ್ಮ